ಅಪ್ಪ ಕೇಳಿಸಿಕೊಂಡ ಸದ್ದು

ಆಂಡರ್ಸನ್‌ಪೇಟೆಯಲ್ಲಿ ಹುಟ್ಟಿ ಬೆಳೆದವರಿಗೆ ಸದ್ದು ಹೊಸದಲ್ಲ. ಗಣಿಯ ಸೈರನ್ ಕೂಗಿದರೆ ನಮಗೆ ಬೆಳಗಾಯಿತು, ಇನ್ನೊಮ್ಮೆ ಕೂಗಿದರೆ ಸಂಜೆಯಾಯಿತು. ನಮ್ಮ ಮನೆಯಲ್ಲಿ ಗಡಿಯಾರಕ್ಕೆ ಕೀ ಕೊಡುವುದನ್ನು ಮರೆತರೂ ನಡೆಯುತ್ತಿತ್ತು. ಇದಲ್ಲದೆ ಆಗಾಗ ನೆಲದೊಳಗಿನಿಂದ 'ಧಡ್' ಎಂದು ಒಂದು ಸದ್ದು ಬರುವುದು. ಆಳದಲ್ಲೆಲ್ಲೋ ಬಂಡೆ ಒತ್ತಡ ತಾಳದೆ ತಾನಾಗಿ ಸಿಡಿಯುವುದು ಅದು. ನಮ್ಮೂರಿನಲ್ಲಿ ಅದಕ್ಕೆ 'ಏರ್ ಬ್ಲಾಸ್ಟ್' ಎನ್ನುತ್ತಿದ್ದರು. ಕಿಟಕಿ ಗಡಗಡ ಅನ್ನುವುದು, ಗೂಡಿನಲ್ಲಿಟ್ಟ ಪಾತ್ರೆ ಉರುಳುವುದು. ಹಳ್ಳಿಯಿಂದ ಬಂದ ನೆಂಟರು ಎಲೆ ಬಿಟ್ಟು ಅಂಗಳಕ್ಕೆ ಓಡಿದರೆ ನಾವು ಮಕ್ಕಳು ನಗುತ್ತಿದ್ದೆವು. ಅಮ್ಮ ಮಾತ್ರ ನಗುತ್ತಿರಲಿಲ್ಲ. ಕೈಯಲ್ಲಿದ್ದ ಸೌಟು ಹಾಗೇ ಹಿಡಿದು, ಅಪ್ಪನ ಪಾಳಿ ಯಾವುದೆಂದು ಲೆಕ್ಕ ಹಾಕುತ್ತಾ ಬಾಗಿಲ ಕಡೆ ನೋಡುತ್ತಿದ್ದಳು.

ಅಪ್ಪ ಗಣಿಯಲ್ಲಿ ಡ್ರಿಲ್ ಹಿಡಿಯುವವರು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳವಾಗಿತ್ತು, ಪ್ರಪಂಚದ ಅತಿ ಆಳದ ಗಣಿಗಳಲ್ಲಿ ಒಂದೆಂದು ಹೆಸರಾಗಿತ್ತು. ನಾನು ಶಾಲೆಯಲ್ಲಿ ಅದನ್ನು ಹೆಮ್ಮೆಯಿಂದ ಬರೆಯುತ್ತಿದ್ದೆ. ಅಲ್ಲಿ ಗಾಳಿಯ ಒತ್ತಡದಿಂದ ನಡೆಯುವ ಡ್ರಿಲ್ ಬಂಡೆಯನ್ನು ಕೊರೆಯುವಾಗ ಎಷ್ಟು ಸದ್ದಾಗುತ್ತದೆ ಎಂದು ಯಾವ ಪಾಠದಲ್ಲೂ ಇರಲಿಲ್ಲ, ಅಪ್ಪನೂ ಹೇಳಲಿಲ್ಲ. ಅಮ್ಮ ದೀಪದ ಬತ್ತಿಗೆಂದು ತಂದ ಅರಳೆಯಲ್ಲಿ ಎರಡು ಉಂಡೆ ಮಾಡಿ, "ಕಿವಿಗಿಟ್ಕೊಂಡು ಹೋಗ್ರಿ" ಎಂದು ಕೊಡುತ್ತಿದ್ದಳು. ಅವು ಅಂಗಿಯ ಜೇಬಿನಲ್ಲೇ ಉಳಿದು, ಬಟ್ಟೆ ಒಗೆಯುವಾಗ ಅವಳ ಕೈಗೇ ಸಿಗುತ್ತಿದ್ದವು. "ಕಿವಿ ಮುಚ್ಕೊಂಡ್ರೆ ಬಂಡೆ ಮಾತಾಡೋದು ಕೇಳಿಸಲ್ಲ ಕಣೇ" ಎನ್ನುತ್ತಿದ್ದರು ಅಪ್ಪ. ಇದು ವೇದಾಂತವಲ್ಲ. ಗಣಿಯವರು ತಲೆಯ ಮೇಲಿನ ಬಂಡೆಯನ್ನು ಕಬ್ಬಿಣದ ಸಲಾಕೆಯಿಂದ ತಟ್ಟಿ ನೋಡುತ್ತಾರೆ. ಗಟ್ಟಿ ಸದ್ದು ಬಂದರೆ ಕೆಲಸ ಮಾಡಬಹುದು. ಟೊಳ್ಳು ಸದ್ದು ಬಂದರೆ ಆ ಕಲ್ಲು ಬೀಳುವುದರಲ್ಲಿದೆ ಎಂದು ಅರ್ಥ. ಕಿವಿಯೇ ಅವರ ಪ್ರಾಣದ ಕಾವಲು. ಆ ಕಾವಲಿಗೆಂದು ಬಿಚ್ಚಿಟ್ಟ ಕಿವಿಯನ್ನೇ ಡ್ರಿಲ್ಲಿನ ಸದ್ದು ಸ್ವಲ್ಪ ಸ್ವಲ್ಪವಾಗಿ ತಿಂದುಹಾಕಿತು.

ಕಿವಿ ಹೋಗುವುದು ಕಣ್ಣು ಹೋದಂತಲ್ಲ. ಹೋದವರಿಗೂ ಗೊತ್ತಾಗುವುದಿಲ್ಲ, ಮನೆಯವರಿಗೂ ಗೊತ್ತಾಗುವುದಿಲ್ಲ. ಅಪ್ಪ ರೇಡಿಯೋ ಜೋರಾಗಿ ಇಡತೊಡಗಿದರು. ಆಮೇಲೆ ಏನು ಹೇಳಿದರೂ "ಹ್ಞೂ" ಎನ್ನತೊಡಗಿದರು. ಗಂಡಸರ ಮಾತಿಗಾದರೂ ಸರಿಯಾಗಿ ಉತ್ತರ ಬರುತ್ತಿತ್ತು, ಅಮ್ಮನಿಗೂ ನನಗೂ ಬರೀ "ಹ್ಞೂ". ಅಮ್ಮ ರೇಗಿ, "ಕಿವುಡನ ಮುಂದೆ ಶಂಖ ಊದಿದ ಹಾಗಾಯ್ತು ನನ್ನ ಬಾಳು" ಎಂದು ಗಾದೆ ಎತ್ತಿದರೆ, ಅದಕ್ಕೂ "ಹ್ಞೂ"!

1992ರಲ್ಲಿ ನನಗೆ ಬಿ.ಇಡಿ. ಸೀಟು ಸಿಕ್ಕಿತು. ನಮ್ಮ ವಂಶದಲ್ಲೇ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಹೆಣ್ಣು ನಾನು. ಓಡಿ ಬಂದು, ಜಗಲಿಯ ಮೇಲೆ ಬೀಡಿ ಹಚ್ಚುತ್ತಿದ್ದ ಅಪ್ಪನ ಬೆನ್ನ ಹಿಂದೆ ನಿಂತು, "ಅಪ್ಪಾ, ಸೀಟು ಸಿಕ್ತು" ಎಂದೆ. ಅವರು ತಿರುಗಿ ಕೂಡ ನೋಡದೆ "ಹ್ಞೂ" ಎಂದರು. ಆ ಒಂದು "ಹ್ಞೂ" ನನ್ನೊಳಗೆ ಮುಳ್ಳಿನಂತೆ ಕೂತುಬಿಟ್ಟಿತು. ಹೆಣ್ಣುಮಕ್ಕಳ ಓದು ಇವರಿಗೆ ಲೆಕ್ಕಕ್ಕಿಲ್ಲ ಎಂದುಕೊಂಡೆ. ಅಂದಿನಿಂದ ಅವರಿಗೆ ನನ್ನ ವಿಷಯ ಏನೂ ಹೇಳುವುದನ್ನೇ ಬಿಟ್ಟೆ. ನನ್ನ ಮದುವೆಯಾಯಿತು, ಮಗನೂ ಹುಟ್ಟಿದ. ತಂದೆ ಮಗಳ ನಡುವೆ ಮಾತು ಎಂದರೆ "ಊಟ ಆಯ್ತಾ" ಎನ್ನುವಷ್ಟೇ.

2001ರ ಫೆಬ್ರವರಿ. ಗಣಿ ಮುಚ್ಚುವುದು ನಿಶ್ಚಯವಾಗಿದ್ದ ತಿಂಗಳು. ಅದೇ ತಿಂಗಳಲ್ಲಿ ಯಲಹಂಕದ ವಾಯುನೆಲೆಯಲ್ಲಿ 'ಏರೋ ಇಂಡಿಯಾ' ವಿಮಾನ ಪ್ರದರ್ಶನ. 1996ರಲ್ಲಿ ಶುರುವಾದ ಆ ಪ್ರದರ್ಶನಕ್ಕೆ ಅದು ಮೂರನೆಯ ಸಲ. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ ತಮ್ಮ, "ಅಪ್ಪ ಮನೇಲಿ ಕೂತು ಕೊರಗ್ತಾರೆ, ಕರ್ಕೊಂಡು ಬಾ ಅಕ್ಕ" ಎಂದು ಟಿಕೆಟ್ಟು ತೆಗೆದಿಟ್ಟಿದ್ದ. ನಾನು, ಅಪ್ಪ, ನನ್ನ ನಾಲ್ಕು ವರ್ಷದ ಮಗ ಮುಂಜಾನೆಯೇ ಮಾರಿಕುಪ್ಪಂ ರೈಲು ಹತ್ತಿದೆವು. ಬುತ್ತಿಗೆ ಚಿತ್ರಾನ್ನ ಕಟ್ಟಿಕೊಂಡಿದ್ದೆ. ಬಿಸಿಲಿಗೆ ಕೊಡೆ ಹಿಡಿದುಕೊಂಡಿದ್ದೆ. ಕಿವಿಗೆ ಏನಾದರೂ ಬೇಕೆಂದು ಹೊಳೆಯಲೇ ಇಲ್ಲ. ಏರ್ ಬ್ಲಾಸ್ಟ್ ಕೇಳಿ ಬೆಳೆದವಳಲ್ಲವೇ!

ಮೊದಲು ಬಂದ ಯುದ್ಧವಿಮಾನ ಸದ್ದಿಲ್ಲದೆಯೇ ಬಂತು. ತಗ್ಗಿನಲ್ಲಿ ಬಾಣದಂತೆ ನಮ್ಮ ಮುಂದೆ ಹಾದುಹೋಯಿತು. 'ಇಷ್ಟೇನಾ' ಎಂದುಕೊಳ್ಳುವಷ್ಟರಲ್ಲಿ ಹಿಂದಿನಿಂದ ಸದ್ದು ಬಂದು ಬಡಿಯಿತು. ಬಡಿಯಿತು ಎನ್ನುವುದು ಅಲಂಕಾರಕ್ಕೆ ಹೇಳಿದ್ದಲ್ಲ. ಎದೆಗೂಡು ಅದುರಿತು, ಹಲ್ಲು ಜುಮ್ಮೆಂದಿತು, ಸೀರೆಯ ನೆರಿಗೆ ನಡುಗಿದಂತಾಯಿತು. ಅದು ಮೂಗನ್ನು ಮೇಲೆತ್ತಿ, ಬಾಲದಲ್ಲಿ ಬೆಂಕಿ ಉಗುಳುತ್ತಾ ನೆಟ್ಟಗೆ ಆಕಾಶಕ್ಕೆ ಏರಿದಾಗ ಬಟ್ಟೆಯ ಥಾನನ್ನು ಯಾರೋ ರಾಕ್ಷಸ ಪರ್ರನೆ ಹರಿದಂತೆ ಕೇಳಿತು. ಮಗ ಚೀರಿದ. ಅವನ ಬಾಯಿ ತೆರೆದದ್ದು ಕಂಡಿತೇ ಹೊರತು ಕೂಗು ಕೇಳಲಿಲ್ಲ. ಅವನ ಎರಡು ಕಿವಿಗಳನ್ನೂ ಅಂಗೈಯಲ್ಲಿ ಒತ್ತಿ, ತಲೆಯನ್ನು ಹೊಟ್ಟೆಗೆ ಅವಚಿಕೊಂಡೆ. ನನ್ನ ಕಿವಿಗೆ ಕೈ ಉಳಿದಿರಲಿಲ್ಲ. ತಮ್ಮ ಆ ವಿಮಾನದ ಹೆಸರು ಹೇಳುತ್ತಿದ್ದನೆಂದು ಕಾಣುತ್ತದೆ, ತುಟಿ ಅಲುಗಿದ್ದು ಮಾತ್ರ ಕಂಡಿತು.

ಸುತ್ತಲಿದ್ದ ಸಾವಿರಾರು ಜನ ಕಿವಿ ಮುಚ್ಚಿಕೊಂಡಿದ್ದರು. ಅಷ್ಟು ಜನರ ನಡುವೆ ಅಪ್ಪ ಒಬ್ಬರೇ ಕೈಗಳನ್ನು ಇಳಿಬಿಟ್ಟು, ಮುಖ ಮೇಲೆತ್ತಿ ನಿಂತಿದ್ದರು. ಅವರ ಮುಖದಲ್ಲಿ ನಗೆ ಇತ್ತು. ಸದ್ದು ದೂರವಾದ ಮೇಲೆ ನನ್ನ ಕಡೆ ತಿರುಗಿ, ಎದೆಯ ಮೇಲೆ ಕೈಯಿಟ್ಟು, "ಕೇಳಿಸ್ತು ಅಮ್ಮಣ್ಣಿ, ಪೂರ್ತಿ ಕೇಳಿಸ್ತು!" ಎಂದರು.

ನಾನು ಏನು ಹೇಳಲಿ? ಕಿವಿ ಮುಚ್ಚಿದರೂ ತಡೆಯಲಾಗದ ಸದ್ದು ಅವರಿಗೆ ಒಂದು ಸಾಧಾರಣ ಮಾತಿನಂತೆ ಕೇಳಿಸಿತ್ತು. ಹಾಗಾದರೆ ಒಂಬತ್ತು ವರ್ಷದ ಹಿಂದೆ ಜಗಲಿಯ ಮೇಲೆ, ಬೆನ್ನ ಹಿಂದಿನಿಂದ ನಾನು ಆಡಿದ ಮಾತು?

ಆಮೇಲೆ ನಾನು ಇದರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ವಿಪರೀತ ಸದ್ದು ಕಿವಿಯೊಳಗಿನ ಸೂಕ್ಷ್ಮ ರೋಮಕೋಶಗಳನ್ನು ಕೊಲ್ಲುತ್ತದೆ. ಅವು ಮತ್ತೆ ಹುಟ್ಟುವುದಿಲ್ಲ. ಮೊದಲು ಹೋಗುವುದು ಮೇಲಿನ ಸ್ವರಗಳು. ಅಂದರೆ ಹೆಂಗಸರ, ಮಕ್ಕಳ ದನಿ, ಅದರಲ್ಲೂ ಸ, ಶ, ಚ, ತ, ಕ ಮುಂತಾದ ವ್ಯಂಜನಗಳು. ನಾನು ಮಕ್ಕಳಿಗೆ 'ಸ'ಕ್ಕೂ 'ಶ'ಕ್ಕೂ ಇರುವ ವ್ಯತ್ಯಾಸ ತಿದ್ದಿ ತಿದ್ದಿ ಸುಸ್ತಾಗುವವಳು. ಅಪ್ಪನಿಗೆ ಎರಡೂ ಇರಲಿಲ್ಲ. "ಸೀಟು ಸಿಕ್ತು" ಎಂಬ ಮಾತಿನಲ್ಲಿ ಆ ವ್ಯಂಜನಗಳನ್ನು ತೆಗೆದುಹಾಕಿ ನೋಡಿ, ಏನು ಉಳಿಯುತ್ತದೆ? ಅದಕ್ಕೆ ಮನುಷ್ಯ "ಹ್ಞೂ" ಅನ್ನದೆ ಇನ್ನೇನು ಅಂದಾನು! ಇಂಥ ಕಿವಿಗೆ ಸಣ್ಣ ಸದ್ದು ಕೇಳಿಸದಿದ್ದರೂ ಭಾರಿ ಸದ್ದು ನಮಗೆ ಕೇಳಿದಷ್ಟೇ ಕೇಳಿಸುತ್ತದಂತೆ. ಅಪ್ಪನ ಆ ದಿನದ ನಗೆಯ ಗುಟ್ಟು ಅದು.

ಜೆಟ್ ಏಕೆ ಅಷ್ಟು ಅರಚುತ್ತದೆ ಎಂಬುದನ್ನೂ ತಿಳಿದುಕೊಂಡೆ. ಸದ್ದು ಮಾಡುವುದು ಯಂತ್ರದ ಚಕ್ರಗಳಿಗಿಂತ ಹೆಚ್ಚಾಗಿ ಅದರ ಬಾಲದಿಂದ ನುಗ್ಗುವ ಬಿಸಿಗಾಳಿ. ಅದು ಹೊರಗಿನ ಗಾಳಿಗೆ ಡಿಕ್ಕಿ ಹೊಡೆದು ಸುಳಿಸುಳಿಯಾಗಿ ಕಲಕುತ್ತದೆ. ಇಂಗ್ಲೆಂಡಿನ ಗಣಿತಜ್ಞ ಜೇಮ್ಸ್ ಲೈಟ್‌ಹಿಲ್ 1952ರಲ್ಲಿ ತೋರಿಸಿಕೊಟ್ಟಂತೆ, ಈ ಸದ್ದಿನ ಶಕ್ತಿ ಗಾಳಿಯ ವೇಗದ ಎಂಟನೆಯ ಘಾತದಷ್ಟು ಏರುತ್ತದೆ. ವೇಗ ಎರಡರಷ್ಟಾದರೆ ಸದ್ದಿನ ಶಕ್ತಿ 256 ಪಟ್ಟು! ಮಿಗ್-21ರಂಥ ಹಳೆಯ ಜೆಟ್‌ಗಳು ತೆಳುವಾದ ಗಾಳಿಯ ಧಾರೆಯನ್ನು ಮಹಾವೇಗದಲ್ಲಿ ಉಗುಳುತ್ತವೆ. ಅದಕ್ಕೇ ಆ ಆರ್ಭಟ. ಈಗಿನ ಪ್ರಯಾಣಿಕರ ವಿಮಾನದ ದಪ್ಪ ಎಂಜಿನ್ ಹೆಚ್ಚು ಗಾಳಿಯನ್ನು ನಿಧಾನವಾಗಿ ನೂಕುತ್ತದೆ, ಹಾಗಾಗಿ ಗದ್ದಲ ಕಡಿಮೆ. ಯುದ್ಧವಿಮಾನಕ್ಕೆ ಆ ಸೌಕರ್ಯವಿಲ್ಲ. ಸಾಲದ್ದಕ್ಕೆ ಮೇಲೇರುವಾಗ ಬಾಲದಲ್ಲಿ ಮತ್ತಷ್ಟು ಇಂಧನ ಸುರಿದು ಉರಿಸುತ್ತಾರೆ. ಆಗ ಹತ್ತಿರದಲ್ಲಿ ನಿಂತರೆ 130 ಡೆಸಿಬೆಲ್ ದಾಟುತ್ತದೆ, ನೋವೇ ಶುರುವಾಗುವ ಮಟ್ಟ. ದೂರ ಎರಡರಷ್ಟಾದಾಗಲೆಲ್ಲ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಪ್ರದರ್ಶನದಲ್ಲಿ ಜನರನ್ನು ದೂರ ನಿಲ್ಲಿಸುವುದರಿಂದ ಅಷ್ಟರಮಟ್ಟಿಗೆ ನಾವು ಬಚಾವು.

ಒಮ್ಮೆ ಒಂಬತ್ತನೆಯ ತರಗತಿಯಲ್ಲಿ ಇದನ್ನೇ ಲೆಕ್ಕವಾಗಿ ಬರೆಸಿದೆ. 85 ಡೆಸಿಬೆಲ್ಲಿನ ಸದ್ದನ್ನು ದಿನಕ್ಕೆ 8 ಗಂಟೆ ತಡೆಯಬಹುದು, ಪ್ರತಿ 3 ಡೆಸಿಬೆಲ್ ಏರಿದಾಗ ಹೊತ್ತು ಅರ್ಧವಾಗುತ್ತದೆ ಎನ್ನುತ್ತಾರೆ ತಜ್ಞರು. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ. ಹುಡುಗಿಯರು ಹುರುಪಿನಿಂದ ಇಳಿಸುತ್ತಾ ಹೋದರು. 100ಕ್ಕೆ 15 ನಿಮಿಷ. 112ಕ್ಕೆ ಒಂದು ನಿಮಿಷಕ್ಕೂ ಕಡಿಮೆ. ಗಾಳಿಯ ಡ್ರಿಲ್ ಬಂಡೆ ಕೊರೆಯುವಾಗ 110 ದಾಟುವುದು ಸಾಮಾನ್ಯ. ಸೀಮೆಸುಣ್ಣ ಹಿಡಿದ ನನ್ನ ಕೈ ಅಲ್ಲಿಯೇ ನಿಂತಿತು. ದಿನಕ್ಕೆ ಒಂದೆರಡು ನಿಮಿಷ ಕೇಳಬಹುದಾದ ಸದ್ದನ್ನು ಅಪ್ಪ ಮೂವತ್ತು ವರ್ಷ, ಪಾಳಿಯ ಮೇಲೆ ಪಾಳಿ ಕೇಳಿದ್ದರು. ವಿಮಾನದ ಆರ್ಭಟಕ್ಕೆ ನಾವು ಟಿಕೆಟ್ಟು ಕೊಟ್ಟು ಹೋಗಿ ಚಪ್ಪಾಳೆ ತಟ್ಟಿ ಬಂದೆವು. ಕತ್ತಲಲ್ಲಿ ಅಷ್ಟೇ ಕ್ರೂರವಾಗಿ ಕಿವಿ ಕೊರೆದ ಸದ್ದಿಗೆ ನೋಡುಗರೇ ಇರಲಿಲ್ಲ.

ಅಂದು ಯಲಹಂಕದಿಂದ ಹಿಂದಿರುಗುವಾಗ ರೈಲಿನಲ್ಲಿ ಮಗ ತೊಡೆಯ ಮೇಲೆ ನಿದ್ದೆಹೋದ. ನನ್ನ ಕಿವಿಯಲ್ಲಿ 'ಗುಂಯ್' ಎಂಬ ಸದ್ದು. ಅದು ಇಳಿಯಲು ಎರಡು ದಿನ ಹಿಡಿಯಿತು. ಬಂಗಾರಪೇಟೆ ದಾಟಿದ ಮೇಲೆ ಎದುರಿನ ಸೀಟು ಖಾಲಿಯಾಯಿತು. ಅಪ್ಪನ ಪಕ್ಕದಿಂದ ಎದ್ದು, ಅವರ ಮುಖಕ್ಕೆ ಮುಖ ಕೊಟ್ಟು ಕೂತೆ. ತುಟಿ ಬಿಡಿಸಿ ನಿಧಾನವಾಗಿ, "ಅಪ್ಪಾ, ನನಗೆ ಬಿ.ಇಡಿ. ಸೀಟು ಸಿಕ್ಕಿದಾಗ ನಿಮಗೆ ಹೇಳಿದ್ದೆ, ಜ್ಞಾಪಕ ಇದೆಯಾ?" ಎಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ನೀನೆಲ್ಲಿ ಹೇಳಿದೆ ಅಮ್ಮಣ್ಣಿ? ನಿಮ್ಮಮ್ಮ ಹೇಳಿದ್ಲು. ನೀನೇ ಬಂದು ಹೇಳ್ತೀಯ ಅಂತ ಕಾದಿದ್ದೆ" ಎಂದರು. ಕಿಟಕಿಯಾಚೆ ಸಯನೈಡ್ ದಿಬ್ಬಗಳು ಸಂಜೆಗೆ ಕಪ್ಪಾಗುತ್ತಿದ್ದವು. ನಾನು ಆ ಕಡೆ ಮುಖ ತಿರುಗಿಸಿದೆ.

ಆ ತಿಂಗಳ 28ಕ್ಕೆ ಗಣಿ ಮುಚ್ಚಿತು. ಸೈರನ್ ನಿಂತಿತು. ಅಪ್ಪ ಇನ್ನೂ ಹದಿಮೂರು ವರ್ಷ ಇದ್ದರು. ಆ ಹದಿಮೂರು ವರ್ಷವೂ ನಾನು ಅವರ ಎದುರಿಗೆ ಕೂತೇ ಮಾತಾಡಿದೆ.

2020ರ ಮೇ 20ರ ಮಧ್ಯಾಹ್ನ, ಲಾಕ್‌ಡೌನ್ ದಿನಗಳಲ್ಲಿ, ಬೆಂಗಳೂರೆಲ್ಲ ಬೆಚ್ಚಿಬೀಳುವಂಥ ಸದ್ದಾಯಿತಲ್ಲ, ತಮ್ಮ ಗಾಬರಿಯಿಂದ ಫೋನ್ ಮಾಡಿದ್ದ. ಶಬ್ದದ ವೇಗ ಮೀರಿ ಹಾರುವ ವಾಯುಪಡೆಯ ವಿಮಾನವೊಂದರ ಪರೀಕ್ಷಾ ಹಾರಾಟದ ಸದ್ದೆಂದು ಆಮೇಲೆ ತಿಳಿಯಿತು. ಅಮ್ಮ ಮಾತ್ರ ಕೇಳಿದ ತಕ್ಷಣ, "ಯಾವ ಪಾಳಿಯವರು ಒಳಗಿದ್ರಂತೆ?" ಎಂದಳು.

2023ರ ಫೆಬ್ರವರಿಯಲ್ಲಿ ತಮ್ಮನ ಚಿಕ್ಕ ಮಗಳನ್ನು ಕರೆದುಕೊಂಡು ಮತ್ತೊಮ್ಮೆ ಯಲಹಂಕಕ್ಕೆ ಹೋದೆ. ಈ ಸಲ ಮೆಡಿಕಲ್ ಷಾಪಿನಿಂದ ಸ್ಪಂಜಿನ ಬೆಣೆಗಳನ್ನು ತಂದಿದ್ದೆ. ಅರಳೆ ಹೆಚ್ಚೇನೂ ತಡೆಯುವುದಿಲ್ಲ. ಈ ಬೆಣೆಯನ್ನು ಬೆರಳಲ್ಲಿ ಹೊಸೆದು ಸಣ್ಣ ಮಾಡಿ, ಕಿವಿಯನ್ನು ಮೇಲಕ್ಕೆಳೆದು ಒಳಗಿಟ್ಟರೆ ಅದು ಅರಳಿ ಕೂರುತ್ತದೆ. ಸರಿಯಾಗಿ ಕೂತರೆ ಇಪ್ಪತ್ತು ಡೆಸಿಬೆಲ್ ತಗ್ಗುತ್ತದೆ. ತಾಯಂದಿರಿಗೆ ನನ್ನದೊಂದು ಮಾತು: ಕೈಗೂಸನ್ನು ಅಂಥಲ್ಲಿಗೆ ಒಯ್ಯಬೇಡಿ. ಅದು ತನ್ನ ಕಿವಿಯನ್ನು ತಾನು ಮುಚ್ಚಿಕೊಳ್ಳಲಾರದು. ತೇಜಸ್ ಬಂತು, ಸುಖೋಯ್ ಬಂತು, ಸೂರ್ಯಕಿರಣದ ವಿಮಾನಗಳು ಹೊಗೆ ಬಿಟ್ಟವು. ಹುಡುಗಿ ಕುಣಿದಾಡಿದಳು. "ಅತ್ತೆ, ಪೈಲಟ್‌ಗೆ ಕಿವಿ ನೋಯಲ್ವಾ?" ಎಂದಳು. "ಅವರು ಸದ್ದಿನ ಮುಂದೆ ಕೂತಿರ್ತಾರೆ, ಹೆಲ್ಮೆಟ್ ಇರುತ್ತೆ. ಕೆಳಗೆ ನಿಂತು ಕೆಲಸ ಮಾಡೋರಿಗೇ ಕಷ್ಟ" ಎಂದೆ. ನೆಲದ ಮೇಲಿನ ಸಿಬ್ಬಂದಿ ಕಿವಿಯ ಮೇಲೆ ದಪ್ಪ ಬಟ್ಟಲಿನಂಥ ಕವಚ ಹಾಕಿರುತ್ತಾರೆ. ಅದನ್ನು ಕಂಡಾಗ ಅಪ್ಪನ ಜೇಬಿನ ಅರಳೆ ನೆನಪಾಯಿತು.

2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಮಿಗ್-21ಕ್ಕೆ ವಿದಾಯ ಹೇಳಿದರು. 1963ರಲ್ಲಿ ಅಲ್ಲಿಯೇ ವಾಯುಪಡೆಗೆ ಸೇರಿದ್ದ ವಿಮಾನ. ನನಗಿಂತ ಹಿರಿಯದು. ಟಿ.ವಿ.ಯಲ್ಲಿ ನೋಡಿದೆ. ಸದ್ದು ಎಷ್ಟು ಏರಿಸಿದರೂ ಅದು ಸೊಳ್ಳೆಯ ಗುಂಯ್‌ಗುಡುವಿಕೆಯಷ್ಟೇ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದಲ್ಲಿ ನಮ್ಮ ಬೆಂಗಳೂರಿನವರೇ ಕಟ್ಟಿದ 'ಮಾರುತ್' ಜೆಟ್ ನಿಂತಿದೆ, ಅದೂ ಮೌನವಾಗಿ. ಇಲ್ಲಿ ನಮ್ಮ ಗಣಿಯೂ ಮೌನ.

ಹೀಗೆ ಯೋಚಿಸುತ್ತಾ ಕೂತಿದ್ದಾಗ ಒಳಗಿನಿಂದ ನಮ್ಮ ಯಜಮಾನರು ಏನೋ ಅಂದರು. ನಾನು ಪರದೆಯಿಂದ ಕಣ್ಣು ತೆಗೆಯದೆ "ಹ್ಞೂ" ಎಂದೆ. ಅಂದ ಮೇಲೆ ಹೊಳೆಯಿತು, ಅವರು ಹೇಳಿದ್ದೇನೆಂದು ನನಗೆ ಕೇಳಿಸಿಯೇ ಇರಲಿಲ್ಲ. ಟಿ.ವಿ. ಆರಿಸಿದೆ. ಎದ್ದು ಅಡಿಗೆಮನೆಗೆ ಹೋಗಿ, ಅವರ ಮುಖ ಕಾಣುವ ಹಾಗೆ ನಿಂತು, "ಏನಂದ್ರಿ?" ಎಂದು ಕೇಳಿದೆ.