ಪದದ ಬುಡ – 9: ಅಡ್ಜಸ್ಟ್

ಮೂಡಿಗೆರೆ ಸ್ಟ್ಯಾಂಡಲ್ಲಿ ಕಳಸದ ಬಸ್ ಹತ್ತಿದ್ರೆ ಮೊದ್ಲು ಕಿವಿಗೆ ಬೀಳೋ ಇಂಗ್ಲಿಷ್ ಯಾವ್ದು ಹೇಳಿ? "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ." 3 ಜನರ ಸೀಟಲ್ಲಿ 4ನೆಯವರು ಕೂರ್ತಾರೆ. ಕೊಟ್ಟಿಗೆಹಾರ ಬರೋಷ್ಟರಲ್ಲಿ ಊರು, ಮಳೆ, ಕಾಫಿ ರೇಟು ಎಲ್ಲ ಮಾತಾಗಿರುತ್ತೆ.

ಈ ಪದದ ಬುಡ ಹುಡುಕಿದೆ. ಹಳೇ ಫ್ರೆಂಚಿನ 'ಅಜೋಸ್ತೇರ್', ಅದರ ಹಿಂದೆ ಲ್ಯಾಟಿನ್ನಿನ 'ಯುಕ್ಸ್ಟಾ'. ಯುಕ್ಸ್ಟಾ ಅಂದ್ರೆ ಹತ್ತಿರ. ಹಾಗಾಗಿ ಅಡ್ಜಸ್ಟ್ ಅಂದ್ರೆ ಮೂಲದಲ್ಲಿ ಹತ್ತಿರ ತರೋದು. ಯುಕ್ಸ್ಟಾದ ಬೇರಿಗೆ 'ಕೂಡಿಸು' ಅಂತ ಅರ್ಥ. ನೊಗಕ್ಕೆ ಇಂಗ್ಲಿಷಲ್ಲಿ ಹೇಳೋ ಯೋಕ್, ಸಂಸ್ಕೃತದ ಯೋಗ, ಎರಡೂ ಅದೇ ಬಳ್ಳಿಯವು. ಆಮೇಲೆ ಜನ ಇದನ್ನ 'ಯುಸ್ಟುಸ್' ಅನ್ನೋ ಇನ್ನೊಂದು ಲ್ಯಾಟಿನ್ ಪದದ ನೆಂಟ ಅಂದ್ಕೊಂಡ್ರು. ಅದರರ್ಥ ನ್ಯಾಯವಾದದ್ದು, ಸರಿಯಾದದ್ದು. ಹಾಗೆ ಅಡ್ಜಸ್ಟ್‌ಗೆ 'ಸರಿಹೊಂದಿಸು' ಅನ್ನೋ ಅರ್ಥ ಗಟ್ಟಿಯಾಯ್ತು.

ಇದನ್ನ ಓದ್ತಾ ಅಕ್ಕ ನೆನಪಾದ್ಲು. ಮದುವೆಯಾದ ವರ್ಷ ಅಳ್ತಾ ಫೋನ್ ಮಾಡಿದ್ಲು, ಓದು ಬಿಡು ಅಂತಿದಾರೆ ಅಂತ. ಮನೆಯವರೆಲ್ಲ, ನಾನೂ ಸೇರಿ, ಹೇಳಿದ್ದು ಒಂದೇ ಮಾತು: "ಸ್ವಲ್ಪ ಅಡ್ಜಸ್ಟ್ ಮಾಡ್ಕೋ." ಅವಳು ಓದು ಬಿಟ್ಲು.

ಬಸ್ಸಲ್ಲಿ ಮೂರೂ ಜನ ಚೂರು ಚೂರು ಸರೀತಾರೆ, ಅದಕ್ಕೇ ಜಾಗ ಆಗೋದು. ಒಬ್ಬರೇ ಸರೀತಾ ಹೋದ್ರೆ ಅವರು ಸೀಟಿಂದ ಕೆಳಗೆ ಬೀಳ್ತಾರೆ ಅಷ್ಟೆ. ಅದು ಹತ್ತಿರ ತರೋದೂ ಅಲ್ಲ, ನ್ಯಾಯವೂ ಅಲ್ಲ.

ಮುಂದಿನ ಸಲ ಯಾರಿಗಾದ್ರೂ ಈ ಮಾತು ಹೇಳೋ ಮುಂಚೆ ನೋಡ್ಕೊಳ್ಳಿ: ನೀವೆಷ್ಟು ಸರಿದ್ರಿ?

ನಾನು ಈ ವಾರ ಅಕ್ಕಂಗೆ ಫೋನ್ ಮಾಡಿ ತಪ್ಪಾಯ್ತು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಡ್ಮಿಷನ್ ಯಾವಾಗಿಂದ ಶುರು, ನೋಡಿ ಹೇಳೋ" ಅಂದ್ಲು.