ಅಪ್ಪನ ಪ್ಯಾಕೆಟ್ಟು, ನಮ್ಮ ನಾಲ್ಕು ಬಿಯರು

ಬಿಯರ್ ಬಗ್ಗೆ ಬರೀತೀನಿ ಅಂದಾಗ ನಮ್ಮ ಗುಂಪಿನ ಗೆಳೆಯರೇ ಹಿಂದೆಮುಂದೆ ನೋಡಿದರು. "ಊರಿನವರು ಓದೋ ಜಾಗ ಕಣೋ, ಬೈಸಿಕೊಳ್ತೀಯ" ಅಂದರು. ಬೈಯುವವರು ಪೂರ್ತಿ ಓದಿದ ಮೇಲೆ ಬೈಯಲಿ.

ನಮ್ಮಪ್ಪ ಕುಡಿತದಿಂದಲೇ ಹೋದವರು. ನಾನು ಚಿಕ್ಕವನಿದ್ದಾಗ ಸಾರಾಯಿ ಪ್ಯಾಕೆಟ್ಟಿನ ಕಾಲ. 2007ರ ಜುಲೈನಲ್ಲಿ ಸರ್ಕಾರ ಸಾರಾಯಿ ನಿಲ್ಲಿಸಿದಾಗ ಅಮ್ಮ ದೇವರ ಮುಂದೆ ತುಪ್ಪದ ದೀಪ ಹಚ್ಚಿದ್ದು ನೆನಪಿದೆ. ವಾರ ಕಳೆಯುವುದರೊಳಗೆ ಅಪ್ಪ ಅಗ್ಗದ ವಿಸ್ಕಿ ಹಿಡಿದರು. ಅದಾದ ಮೇಲೆ ಏಳು ವರ್ಷ ಬದುಕಿದ್ದರು. ನಾನಂತೂ ಒಂದು ತೊಟ್ಟು ಮುಟ್ಟಲ್ಲ ಅಂತ ಅಮ್ಮನ ಕೈ ಮೇಲೆ ಕೈ ಇಟ್ಟು ಹೇಳಿದ್ದೆ.

2024ರ ಡಿಸೆಂಬರ್‌ನಲ್ಲಿ ಆ ಮಾತು ತಪ್ಪಿತು. ಪತ್ರಿಕೋದ್ಯಮ ಓದುವಾಗಿನ ಐದು ಜನ ಬೆಂಗಳೂರಿನಲ್ಲಿ ಹಾಸನದ ಗೆಳೆಯನ ರೂಮಿನಲ್ಲಿ ಸೇರಿದ್ದೆವು. ಅವನು ನಾಲ್ಕು ಬಿಯರ್ ತಂದಿದ್ದ. ಜರ್ಮನಿಯ ವೈಹೆನ್‌ಸ್ಟೆಫಾನ್ ಗೋಧಿ ಬಿಯರು, ಬೆಂಗಳೂರಿನದೇ ಒಂದು ಸಣ್ಣ ಬ್ರುವರಿಯ ಗೋಧಿ ಬಿಯರಿನ ಕ್ಯಾನು, ಯುರೋಪಿನ ಇನ್ನೊಂದು ಹಸಿರು ಬಾಟಲಿ, ಐರ್ಲೆಂಡಿನ ಕಪ್ಪು ಗಿನ್ನೆಸ್. ನಾಲ್ಕನ್ನೂ ಐದು ಲೋಟಕ್ಕೆ ಹಂಚಿ, ಯಾವುದು ಎಲ್ಲಿಯದು ಅಂತ ಹೇಳಬೇಕು. ಹೆಸರು ಕಾಣದ ಹಾಗೆ ಹಳೇ ಪೇಪರ್ ಸುತ್ತಿದ್ದ. ನಡುನಡುವೆ ಬಾಯಿಗೆ ನೀರು, ಉಪ್ಪುಖಾರ ಇಲ್ಲದ ಬರೀ ಮಂಡಕ್ಕಿ.

ನಾನು ಬರೀ ನೋಡ್ತೀನಿ ಅಂತ ಕೂತಿದ್ದೆ. ಮೊದಲ ಲೋಟ ಎಲ್ಲರೂ ಮೂಸಿ ನೋಡಿದರು. ಧಾರವಾಡದ ಗೆಳತಿ, "ಬಾಳೆಹಣ್ಣಿನ ವಾಸನಿ ಬರಾಕತ್ತೈತಲ್ಲೋ" ಅಂದಳು. ನನಗೂ ತಡೆಯಲಿಲ್ಲ, ಮೂಸಿದೆ. ನಿಜ, ಪಚ್ಚಬಾಳೆ, ಹಿಂದೆಯೇ ಲವಂಗ. ಅದಕ್ಕೆ ಬಾಳೆಯನ್ನೂ ಹಾಕಿರಲ್ಲ, ಲವಂಗವನ್ನೂ ಹಾಕಿರಲ್ಲ. ಗೋಧಿ ಬಿಯರಿಗೆ ಬಳಸುವ ಒಂದು ಜಾತಿಯ ಯೀಸ್ಟ್ ಹುಳಿ ಬರಿಸುವಾಗ ಆ ವಾಸನೆ ತಾನೇ ಹುಟ್ಟುತ್ತದೆ. ಆಮೇಲೆ ಒಂದು ಗುಟುಕು ಕುಡಿದೆ.

ಬಿಯರ್ ಮಾಡುವ ಬಗೆ ಕೇಳಿದರೆ ನಮ್ಮ ಹೆಣ್ಣುಮಕ್ಕಳಿಗೆ ಅರ್ಧ ಗೊತ್ತಿರುವುದೇ. ಅಮ್ಮ ರಾಗಿ ಸರಿಗೆ ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ಒಣಗಿಸುತ್ತಿದ್ದರು. ಬಾರ್ಲಿಗೆ ಹಾಗೆ ಮಾಡಿದರೆ ಅದೇ ಮಾಲ್ಟ್. ಮೊಳಕೆಯಲ್ಲಿ ಹಿಟ್ಟನ್ನು ಸಕ್ಕರೆ ಮಾಡುವ ಗುಣ ಬರುತ್ತದೆ. ಅದನ್ನು ಬಿಸಿನೀರಲ್ಲಿಟ್ಟು ಸಿಹಿ ರಸ ತೆಗೆದು, ಹಾಪ್ಸ್ ಎಂಬ ಬಳ್ಳಿಯ ಹೂ ಹಾಕಿ ಕುದಿಸಿ, ಆರಿದ ಮೇಲೆ ಯೀಸ್ಟ್ ಬಿಡುತ್ತಾರೆ. ಕಹಿ ಬರುವುದು ಆ ಹೂವಿನಿಂದ.

ಎರಡನೆಯದೂ ಗೋಧಿಯದೇ, ಮೋಡದ ಹಾಗೆ ಮಸುಕು. ವಾಸನೆ ಇನ್ನೂ ಹಸಿಯಾಗಿತ್ತು. ಐವರಲ್ಲಿ ನಾಲ್ವರು ಇದೇ ಜರ್ಮನಿಯದು ಅಂದೆವು. ಪೇಪರ್ ಬಿಚ್ಚಿದರೆ ಬೆಂಗಳೂರಿನ ಕ್ಯಾನು! ತುಂಬಿ ಮೂರೇ ವಾರವಾಗಿತ್ತು. ಜರ್ಮನಿಯದು ಕೆಟ್ಟದ್ದೇನಲ್ಲ. ಅದರ ಲೇಬಲ್ಲಿನಲ್ಲಿ 1040ನೇ ಇಸವಿಯ ಹೆಸರಿದೆ, ಅಷ್ಟು ಹಳೆಯ ಮನೆತನ. ಆದರೆ ಹಡಗು, ಗೋದಾಮು, ಅಂಗಡಿ ಎಲ್ಲ ದಾಟಿ ಬರಬೇಕು. ಬೆಳಿಗ್ಗೆ ಕಿತ್ತ ಟೊಮೇಟೊಗೂ ಮೂರು ದಿನ ಲಾರಿಯಲ್ಲಿ ಬಂದ ಟೊಮೇಟೊಗೂ ಇರುವ ವ್ಯತ್ಯಾಸ ನಿಮಗೆ ನಾನು ಹೇಳಬೇಕಿಲ್ಲ.

ಹಸಿರು ಬಾಟಲಿಯಲ್ಲಿ ಇದು ಇನ್ನೂ ಚೆನ್ನಾಗಿ ಗೊತ್ತಾಯಿತು. ಒಂಥರಾ ಕಮಟು, ನೆಂದ ರಟ್ಟಿನ ರುಚಿ. ಬೆಳಕು ಬಿದ್ದರೆ ಹಾಪ್ಸ್‌ನ ಕಹಿ ಅಂಶ ಒಡೆದು ನಾತ ಬರುತ್ತದೆ. ಕಂದು ಗಾಜು ಬೆಳಕನ್ನು ತಡೆಯುತ್ತದೆ, ಹಸಿರು ಗಾಜು ಅಷ್ಟು ತಡೆಯಲ್ಲ. ರಟ್ಟಿನ ರುಚಿ ಹಳತಾದದ್ದರ ಗುರುತು. ಬೆಂಗಳೂರಿನ ಕ್ಯಾನಿಗಿಂತ ಅದಕ್ಕೆ ದುಡ್ಡು ಜಾಸ್ತಿ ಕೊಟ್ಟಿದ್ದೆವು. ಫಾರಿನ್ ಅಂದರೆ ಒಳ್ಳೆಯದು ಅನ್ನುವ ನಂಬಿಕೆ ಅಲ್ಲಿಗೆ ಮುಗಿಯಿತು.

ಗಿನ್ನೆಸ್ ಕ್ಯಾನಿನೊಳಗೆ ಒಂದು ಪ್ಲಾಸ್ಟಿಕ್ ಗುಂಡು ಇರುತ್ತದೆ. ತೆರೆದ ಕೂಡಲೇ ಅದರಿಂದ ಸಾರಜನಕ ನುಗ್ಗಿ ಕೆನೆಯಂಥ ನೊರೆ ಕಟ್ಟುತ್ತದೆ. ಕಪ್ಪು ಬಣ್ಣ ಹುರಿದ ಬಾರ್ಲಿಯದು, ರುಚಿ ಸಕ್ಕರೆ ಹಾಕದ ಕಾಫಿಯದು. ನೋಡಲು ಭಾರೀ ಸ್ಟ್ರಾಂಗ್, ಇರುವುದು ಸುಮಾರು 4 ಚಿಲ್ಲರೆ ಪರ್ಸೆಂಟು ಅಷ್ಟೇ.

ಇಲ್ಲಿ ಒಂದು ಲೆಕ್ಕ ಹೇಳಬೇಕು. ನಮ್ಮೂರ ಜಾತ್ರೆಯಲ್ಲಿ ಹುಡುಗರು "ಬಿಯರ್ ಏನ್ ಮಾಡುತ್ತೆ, ಬಾರ್ಲಿ ನೀರು" ಅಂತಾರೆ. 650 ಮಿಲಿ ಸ್ಟ್ರಾಂಗ್ ಬಿಯರು 8 ಪರ್ಸೆಂಟ್ ಅಂದರೆ ಅದರಲ್ಲಿ 52 ಮಿಲಿ ಆಲ್ಕೋಹಾಲ್. 90 ಮಿಲಿಯ ವಿಸ್ಕಿ ಪ್ಯಾಕೆಟ್ಟು 42.8 ಪರ್ಸೆಂಟ್, ಅದರಲ್ಲಿ 38.5 ಮಿಲಿ. ಬಾರ್ಲಿ ನೀರಿನಲ್ಲೇ ಜಾಸ್ತಿ! ಅವತ್ತು ನಮ್ಮ ತಲೆಗೆ ಬಂದದ್ದು ನಾಲ್ಕೂ ಸೇರಿ 350 ಮಿಲಿ ಬಿಯರು, ಅದರಲ್ಲಿ ಹೆಚ್ಚೆಂದರೆ 18 ಮಿಲಿ ಆಲ್ಕೋಹಾಲ್. ಹಾಗಂತ ಅದು ಒಳ್ಳೆಯದು ಅಂತಲ್ಲ. ಎಷ್ಟು ಕಮ್ಮಿ ಕುಡಿದರೂ ಆರೋಗ್ಯಕ್ಕೆ ಸುರಕ್ಷಿತ ಅನ್ನೋಕಾಗಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ.

ಕೊನೆಯ ಲೋಟ ಖಾಲಿಯಾದಾಗ ಇನ್ನೊಂಚೂರು ಇದ್ದಿದ್ದರೆ ಅನ್ನಿಸಿತು. ತಕ್ಷಣ ಅಪ್ಪ ನೆನಪಾದರು, ಮೈ ಬೆವರಿತು. ಎದ್ದು ಲೋಟ ತೊಳೆದಿಟ್ಟೆ. ಗೆಳೆಯರು ಯಾರೂ ಏನೂ ಕೇಳಲಿಲ್ಲ.

ಊರಿಗೆ ಹೋದಾಗ ಮುಚ್ಚಿಡೋಕೆ ಆಗಲಿಲ್ಲ. ಅಮ್ಮ ಅವರೆಕಾಯಿ ಬಿಡಿಸುತ್ತಿದ್ದರು. ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ರುಚಿ ಇತ್ತೇನಪ್ಪ?" ಅಂದರು.

"ಒಂದೊಂದು ಒಂದೊಂಥರಾ ಇತ್ತಮ್ಮ."

"ನಿಮ್ಮಪ್ಪ ಒಂದಿನಾನೂ ರುಚಿಗೆ ಅಂತ ಕುಡೀಲಿಲ್ಲ. ಔಷಧಿ ಕುಡ್ದಂಗೆ ನಿಂತ್ಕಂಡೇ ಗಂಟ್ಲಿಗೆ ಸುರ್ಕಳೋರು. ಎಷ್ಟಾಯ್ತು ದುಡ್ಡು?"

ನಾಲ್ಕಕ್ಕೆ 1,400, ತಲೆಗೆ 280 ಅಂದೆ. ಆ ವರ್ಷ ನರೇಗಾ ಕೂಲಿ ದಿನಕ್ಕೆ 349 ರೂಪಾಯಿ. ಅಮ್ಮ ಆ ಕೆಲಸಕ್ಕೆ ಹೋಗಿ ಬಂದವರು. ಗೆಳೆಯರ ಜೊತೆ ಕೂತು, ಮೂಸಿ, ನಿಧಾನಕ್ಕೆ ಕುಡಿಯೋಕೆ ನನಗೆ ಸಂಬಳ ಇತ್ತು, ಭಾನುವಾರ ಇತ್ತು. ಅಪ್ಪನಿಗೆ ಎರಡೂ ಇರಲಿಲ್ಲ. ಅವರು ಮಾಡಿದ್ದು ಸರಿ ಅಂತ ಹೇಳ್ತಿಲ್ಲ. ನಾನು ಅವರಿಗಿಂತ ದೊಡ್ಡವನು ಅಂದುಕೊಳ್ಳೋಕೂ ಆಗಲಿಲ್ಲ.

"ನಾಲ್ಕು ಸೀಸೆಗೆ ನಾಲ್ಕು ದಿನದ ಕೂಲಿ," ಅಂತ ಅಮ್ಮ ತಾವೇ ಲೆಕ್ಕ ಹಾಕಿದರು. "ಇನ್ನೊಂದ್ಸಲ ಹೋಗೋ ಹಂಗಿದ್ರೆ ನಂಗೆ ಹೇಳಿ ಹೋಗು. ಬಂದ್ಮೇಲೂ ಫೋನ್ ಮಾಡು."

ಅದಾದ ಮೇಲೆ ಒಂದೇ ಸಲ ಹೋಗಿದ್ದೇನೆ. ಎರಡು ಸಲ ಫೋನ್ ಮಾಡಿದೆ.