ಕೌಂಟರಿನ ಎರಡೂ ಕಡೆಯ ನಗು

ನಗೆ ಪುಸ್ತಕ ಚೆನ್ನಾಗಿ ಖರ್ಚಾಗುತ್ತೆ ಅಂತ ಎಲ್ಲರೂ ಹೇಳುತ್ತಾರೆ. ಆ ನಗು ಯಾರ ಮೇಲೆ ಬೀಳುತ್ತೆ ಅಂತ ಕೇಳುವವರು ಕಡಿಮೆ. ನಾವು ನಾಲ್ಕು ಜನ ಸೇರಿ ಒಂದು ನಗೆ ಪುಸ್ತಕ ಅಚ್ಚು ಹಾಕಿಸಲು ಹೊರಟಾಗ ಈ ಪ್ರಶ್ನೆ ದಾರಿಗೆ ಅಡ್ಡ ನಿಂತಿತು. ಆ ಸಂಗತಿಯನ್ನು ಗೆಳೆಯರ ಮುಂದೆ ಇಡುತ್ತಿದ್ದೇವೆ.

ನಮ್ಮಲ್ಲಿ ಒಬ್ಬ ಸರ್ಕಾರಿ ಬಸ್ಸಿನ ಕಂಡಕ್ಟರು. ಒಬ್ಬಳು ಬ್ಯಾಂಕಿನ ಕೌಂಟರಿನಲ್ಲಿದ್ದಾಳೆ. ಒಬ್ಬ ಕರೆಂಟ್ ಹೋದಾಗ ಜನ ಬೈದು ಫೋನು ಮಾಡುತ್ತಾರಲ್ಲ, ಆ ಫೋನು ಎತ್ತುವವನು. ಇನ್ನೊಬ್ಬ ಬೆಂಗಳೂರಿನ ಕಾಲ್ ಸೆಂಟರಿನಲ್ಲಿ ರಾತ್ರಿಪಾಳಿ ಸವೆಸಿ ಬಂದವನು. ನಾಲ್ವರೂ ಕೇರಿಯವರು. ನಮ್ಮ ಅಪ್ಪ ಅವ್ವಂದಿರು ಕೌಂಟರಿನ ಹೊರಗೆ ನಿಂತು ಕೈ ಮುಗಿದವರು. ನಾವು ಒಳಗೆ ಕುರ್ಚಿ ಸಿಕ್ಕಿದವರು. ಹಾಗಾಗಿ ನಮಗೆ ಎರಡೂ ಕಡೆಯ ಕಥೆ ಗೊತ್ತು.

'ಗ್ರಾಹಕರೇ ನಮ್ಮ ದೇವರು' ಅಂತ ಅಂಗಡಿಗಳಲ್ಲಿ ಬೋರ್ಡು ಹಾಕಿರುತ್ತಾರೆ. ನಮ್ಮವರಿಗೆ ಅದನ್ನು ಕಂಡರೇ ದಿಗಿಲು. ದೇವರಿದ್ದ ಕಡೆಯೆಲ್ಲ ನಮ್ಮನ್ನು ಹೊರಗೆ ನಿಲ್ಲಿಸಿ, ಈಗ ನೀವೇ ದೇವರು ಅಂದರೆ ನಂಬೋದು ಹೇಗೆ? ಟೀಗೆ ಎಲ್ಲರಷ್ಟೇ ಕಾಸು ಕೊಟ್ಟು, ಬೇರೆ ಲೋಟದಲ್ಲಿ ಕುಡಿದು, ತಾವೇ ತೊಳೆದಿಟ್ಟು ಬಂದ ಗ್ರಾಹಕರು ನಮ್ಮ ಹಿರಿಯರು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೇ ವಿಧಿಯ 2ನೇ ಖಂಡ ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆ ಅಂತ ಒಂದೊಂದನ್ನೂ ಹೆಸರಿಸಿ, ಜಾತಿಯ ಕಾರಣಕ್ಕೆ ಯಾರನ್ನೂ ತಡೆಯಬಾರದು ಅಂದಿತು. ಗ್ರಾಹಕರ ರಕ್ಷಣಾ ಕಾಯ್ದೆ ಬಂದದ್ದು 1986ರಲ್ಲಿ. ತೂಕದಲ್ಲಿ ಮೋಸ ಹೋಗಬೇಕಾದರೂ ಮೊದಲು ಅಂಗಡಿಯ ಒಳಗೆ ಕಾಲಿಡಬೇಕಲ್ಲ! ನಮ್ಮ ಪಾಲಿಗೆ ಗ್ರಾಹಕರ ಮೊದಲನೇ ಕಾಯ್ದೆ ಆ ಖಂಡವೇ.

ಇಂಥ ಜನ ಇವತ್ತು ಕೌಂಟರಿಗೆ ಬಂದು ಆಡುವ ಮಾತುಗಳನ್ನೇ ನಾವು ಕೂಡಿಸಿದೆವು. ಬ್ಯಾಂಕಿಗೆ ಒಬ್ಬ ಅಜ್ಜಿ ಪಿಂಚಣಿ ದುಡ್ಡು ಬಿಡಿಸಲು ಬಂದಳು. ಪಾಸ್‌ಬುಕ್ಕಿನ ಫೋಟೋದಲ್ಲಿ ಹಲ್ಲಿದೆ, ಎದುರು ನಿಂತವಳಿಗೆ ಒಂದೂ ಇಲ್ಲ. ಸಾಹೇಬರು, "ಮುಖ ತಾಳೆ ಆಗ್ತಿಲ್ಲ" ಅಂದರು. ಅಜ್ಜಿ ಅಂದಳು: "ಬಿದ್ದಿರೋದು ನನ್ನ ಹಲ್ಲು ಕಣಪ್ಪ, ನನ್ನ ದುಡ್ಡೇನು ಬಿದ್ದೋಗಿಲ್ವಲ್ಲ!"

ನ್ಯಾಯಬೆಲೆ ಅಂಗಡಿಯಲ್ಲಿ ಕಲ್ಲು ಒಡೆಯುವ ಒಬ್ಬ ದೊಡ್ಡಪ್ಪನ ಬೆರಳನ್ನು ಮಿಷನ್ನು ಒಪ್ಪಲಿಲ್ಲ. ಹತ್ತೂ ಬೆರಳು ಇಟ್ಟಿದ್ದಾಯಿತು. "ನಿನ್ನ ಗುರುತು ಸವೆದೋಗೈತೆ" ಅಂದರು. ದೊಡ್ಡಪ್ಪ ರಸ್ತೆ ಕಡೆ ಕೈ ತೋರಿಸಿ ಅಂದ: "ಸವೆದೋಗಿಲ್ಲ ಸ್ವಾಮಿ, ಆ ಟಾರಿನ ಕೆಳಗಿರೋ ಜಲ್ಲೀಲಿ ಐತೆ. ರಸ್ತೆ ಅಗೆದು ನೋಡ್ಕಳಿ."

ಕರೆಂಟಿನ ಫೋನಿಗೆ ರಾತ್ರಿ ಹತ್ತಕ್ಕೆ ಒಬ್ಬರು ಮಾತಾಡಿದರು. ನಮ್ಮವನು ನಿಯಮದ ಪ್ರಕಾರ ಆರ್.ಆರ್. ನಂಬರು ಕೇಳಿದ. "ಬಿಲ್ಲಲ್ಲಿ ಐತೆ ಕಣಪ್ಪ. ಕತ್ತಲೇಲಿ ಕಾಣ್ತಾ ಇಲ್ಲ. ಕರೆಂಟು ಕೊಡು, ಓದಿ ಹೇಳ್ತೀನಿ."

ಇಂಥ 40 ಕಥೆ ಆದವು. ಒಬ್ಬ ಪ್ರಕಾಶಕರ ಹತ್ತಿರ ಹೋದೆವು. ಓದಿದರು, ನಕ್ಕರು, ಕಾಫಿ ತರಿಸಿದರು. ಆಮೇಲೆ ಮೂರು ಷರತ್ತು ಹೇಳಿದರು. ಜಾತಿ ಬರುವ ಆರು ಕಥೆ ತೆಗೀಬೇಕು, ನಗೆ ಪುಸ್ತಕದಲ್ಲಿ ಅದೆಲ್ಲ ಯಾಕೆ? ಭಾಷೆ ಶುದ್ಧ ಮಾಡಬೇಕು. ಫ್ರೀ ಬಸ್ಸಿನ ಹೆಂಗಸರ ಮೇಲೆ ಹತ್ತು ಜೋಕು ಸೇರಿಸಬೇಕು, ಅದು ಓಡುತ್ತೆ.

ಆ ಆರರಲ್ಲಿ ಒಂದು ಕಾಲ್ ಸೆಂಟರಿನದು. ಅಮೆರಿಕದ ಗಿರಾಕಿಗಳಿಗೆ ನಾಲಿಗೆ ತಿರುಗಲಿ ಅಂತ ನಮ್ಮವನಿಗೆ ಅಲ್ಲಿ ಇಂಗ್ಲಿಷ್ ಹೆಸರು ಇಟ್ಟಿದ್ದರು. ಫೋನಿನ ಆ ಕಡೆಯವರು ಬೈದರು, ಕೂಗಾಡಿದರು, ಆದರೆ ಯಾರೊಬ್ಬರೂ 'ನೀವು ಯಾವ ಜನ' ಅಂತ ಕೇಳಲಿಲ್ಲ. ಅದನ್ನು ಕೇಳಿದವನು ಪಕ್ಕದ ಕುರ್ಚಿಯವನು, ಟೀ ಬಿಡುವಿನಲ್ಲಿ, ಅಚ್ಚ ಕನ್ನಡದಲ್ಲಿ! ಇದನ್ನು ತೆಗೆದರೆ ಪುಸ್ತಕದಲ್ಲಿ ಉಳಿಯೋದೇನು? ನೋವಿದ್ದ ಕಡೆ ನಗೆ ಇರಲ್ಲ ಅನ್ನುವವರು ಸಿದ್ದಲಿಂಗಯ್ಯನವರ 'ಊರುಕೇರಿ' ಓದಬೇಕು. ಹಸಿವನ್ನೂ ಅವಮಾನವನ್ನೂ ಹೇಳಿ ನಾಡನ್ನೇ ನಗಿಸಿದ ಪುಸ್ತಕ ಅದು.

ಬಸ್ಸಿನ ಜೋಕಿನ ಮಾತು ಬಂದಾಗ ನಮ್ಮ ಕಂಡಕ್ಟರು ಎದ್ದು ನಿಂತ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದಾಗಿನಿಂದ ಗಾರೆ ಕೆಲಸಕ್ಕೆ, ಆಸ್ಪತ್ರೆಗೆ, ಕಾಲೇಜಿಗೆ ಹೋಗುವ ಹೆಣ್ಣುಮಕ್ಕಳಿಗೆ ಸೊನ್ನೆ ರೂಪಾಯಿಯ ಟಿಕೆಟ್ ಕೊಡುವವನು ಅವನು. ನೂಕುನುಗ್ಗಲಿನಲ್ಲಿ ಒಬ್ಬ ಅಜ್ಜಿ "ನಂಗಿನ್ನೂ ಟಿಕೀಟು ಕೊಟ್ಟಿಲ್ಲ" ಅಂತ ಕೂಗುತ್ತಿದ್ದಳಂತೆ. ಇಸ್ತ್ರಿ ಷರಟಿನ ಒಬ್ಬ, "ಸೊನ್ನೆ ಟಿಕೆಟ್ಟಿಗೆ ಇಷ್ಟು ಗಲಾಟೆಯಾ ಅಜ್ಜಿ?" ಅಂದ. ಅಜ್ಜಿ ಅಂದಳು: "ಚೀಟಿ ಇಲ್ದೆ ಕೂತ್ರೆ ಇವನ ದಯ ಆಗ್ತದೆ. ಚೀಟಿ ಇದ್ರೆ ನನ್ನ ಸೀಟು ಆಗ್ತದೆ." ಬಸ್ಸೆಲ್ಲ ನಕ್ಕಿತು, ಷರಟಿನವನೂ ನಕ್ಕ. ಇಂಥ ಅಜ್ಜಿಯನ್ನು ಬಿಟ್ಟು ಅವಳ ಮೇಲೆ ಜೋಕು ಬರೀಬೇಕಂತೆ! ಹಸ್ತಪ್ರತಿ ವಾಪಸು ತಂದೆವು.

ನಾವೇ ಅಚ್ಚು ಹಾಕಿಸಿದೆವು. ಹೊಸ ಹುಡುಗರು ಹೆದರಬಾರದು ಅಂತ ದಾರಿ ಹೇಳುತ್ತಿದ್ದೇವೆ. ಡೆಮಿ ಆಕಾರದಲ್ಲಿ 16 ಪುಟಕ್ಕೆ ಒಂದು ಫಾರಂ, 96 ಪುಟಕ್ಕೆ ಆರು ಫಾರಂ. ಪುಟ ಫಾರಂಗೆ ಸರಿಹೊಂದಿದರೆ ಕಾಗದ ದಂಡವಾಗಲ್ಲ. ಐ.ಎಸ್.ಬಿ.ಎನ್. ಅನ್ನುವ 13 ಅಂಕಿಯ ಸಂಖ್ಯೆಯನ್ನು ದೆಹಲಿಯ ರಾಜಾ ರಾಮಮೋಹನ ರಾಯ್ ಹೆಸರಿನ ಏಜೆನ್ಸಿ ಕಾಸಿಲ್ಲದೆ ಕೊಡುತ್ತೆ, ಬರೆದವರೇ ಅರ್ಜಿ ಹಾಕಬಹುದು. 1954ರ ಕಾಯ್ದೆಯ ಪ್ರಕಾರ ಕಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನು ಮೂರು ಗ್ರಂಥಾಲಯಗಳಿಗೂ ಒಂದೊಂದು ಪ್ರತಿ ಕಳಿಸಬೇಕು. ದೇಶದ ದೊಡ್ಡ ಕಪಾಟಿನಲ್ಲಿ ಕೇರಿಯ ಅಜ್ಜಿಯ ಮಾತಿಗೂ ಜಾಗ ಉಂಟು. ನಮ್ಮ ರಾಜ್ಯದಲ್ಲಿ 1965ರ ಗ್ರಂಥಾಲಯ ಕಾಯ್ದೆ ಬಂದ ಮೇಲೆ ಮನೆ ಕಂದಾಯದ ಜೊತೆಗೆ ಗ್ರಂಥಾಲಯ ಕರವನ್ನೂ ಕಟ್ಟುತ್ತಿದ್ದೇವೆ. ಕರ ಕಟ್ಟಿದವರ ಕಥೆ ಗ್ರಂಥಾಲಯಕ್ಕೆ ಹೋಗಬೇಕೋ ಬೇಡವೋ?

ಕರಡು ತಿದ್ದುವಾಗ ಇನ್ನೊಂದು ಜಗಳ. ಡಿ.ಟಿ.ಪಿ. ಹುಡುಗ 'ಐತೆ' ಇದ್ದ ಕಡೆಯೆಲ್ಲ 'ಇದೆ' ಮಾಡಿದ್ದ. "ತಪ್ಪಿತ್ತು ಸಾರ್, ಸರಿ ಮಾಡ್ದೆ" ಅಂದ. ಅವನಿಗೆ ಪುಟ ತೆಗೆದು ಗಟ್ಟಿಯಾಗಿ ಓದಿ ತೋರಿಸಿದೆವು. ಎರಡನೇ ಕಥೆಗೆ ಅವನೇ ನಗಲು ಶುರು ಮಾಡಿ, "ನಮ್ಮಜ್ಜೀನೂ ಹಿಂಗೇ ಮಾತಾಡೋದು" ಅಂತ ಒಂದೊಂದೇ 'ಐತೆ'ಯನ್ನು ವಾಪಸು ಕೂರಿಸಿದ.

500 ಪ್ರತಿ ಹಾಕಿಸಿದೆವು. ಏಪ್ರಿಲ್ 14ರ ಜಯಂತಿಯಲ್ಲಿ ಮೇಜು ಹಾಕಿ ಮಾರಿದೆವು. ಓದು ಬಾರದವರು ಮಕ್ಕಳ ಕೈಲಿ ಓದಿಸಿ ಕೇಳಿ, "ಇದು ನಮ್ಮೂರಲ್ಲೇ ನಡೆದದ್ದು" ಅಂತ ಜಗಳಕ್ಕೆ ನಿಂತರು. ಹಾಕಿದ ದುಡ್ಡು ಇನ್ನೂ ಪೂರ್ತಿ ಬಂದಿಲ್ಲ.

ಮೇಷ್ಟ್ರುಗಳೇ, ನೀವೂ ಒಂದು ಕೌಂಟರಿನಲ್ಲೇ ಕೂತಿದ್ದೀರಿ. ಮಗುವನ್ನು ಶಾಲೆಗೆ ಸೇರಿಸುವ ದಿನ ಹೆಬ್ಬೆಟ್ಟು ಒತ್ತುವ ಅವ್ವ ಏನಾದರೂ ಹೇಳಿಯೇ ಹೇಳುತ್ತಾಳೆ. ಅವಳು ಹೇಳಿದ ಹಾಗೇ ಬರೆದಿಡಿ, ತಿದ್ದಬೇಡಿ. ಎರಡನೇ ಪುಸ್ತಕಕ್ಕೆ ಕಳಿಸಿಕೊಡಿ.